ಪೊರೆ ಬಿಡುವ ರಾತ್ರಿ



ಸೀಗಡಿ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಊಟದ ತಟ್ಟೆ. ಕರಾವಳಿಯಿಂದ ಮುಂಬಯಿಗೆ ಬಂದ ಮನೆಗಳಲ್ಲಿ ಮಳೆಗಾಲಕ್ಕೆಂದು ಡಬ್ಬಿಯಲ್ಲಿ ತುಂಬಿಟ್ಟ ಒಣ ಸೀಗಡಿ, ತುಳುವರ ‘ಎಟ್ಟಿ’, ಇಂದಿಗೂ ಚಟ್ನಿಯಾಗಿ ಎಲೆಗೆ ಬೀಳುತ್ತದೆ. ಹಾಗಾಗಿ ಠಾಣೆಯಲ್ಲಿರುವ ನನ್ನ ತಂಗಿಯ ಮಗ ತನ್ನ ಮೊದಲ ಸಂಬಳದಲ್ಲಿ ಎರಡಡಿ ಉದ್ದದ ಉಪ್ಪುನೀರಿನ ಅಕ್ವೇರಿಯಂ ಇಟ್ಟು, ಅದರಲ್ಲಿ ಸೀಗಡಿ ಬಿಟ್ಟಾಗ, ನಮ್ಮಮ್ಮ ಗಾಜಿನೊಳಗೆ ಇಣುಕಿ ನೋಡಿ, “ಇಷ್ಟು ದುಡ್ಡು ಕೊಟ್ಟು ತಂದದ್ದು ಒಂದು ಬಟ್ಟಲು ಚಟ್ನಿಗೂ ಸಾಲದಲ್ಲ ಮಗಾ!” ಎಂದರು.

ಅವನು ತಂದದ್ದು ಒಂದು ಜೊತೆ ಕ್ಲೀನರ್ ಶ್ರಿಂಪ್. ಶಾಸ್ತ್ರೀಯ ಹೆಸರು ಲಿಸ್ಮಾಟ ಅಂಬೊಯಿನೆನ್ಸಿಸ್. ಕೆಂಪು ಬೆನ್ನು, ಅದರ ನಡುವೆ ಬೈತಲೆ ತೆಗೆದಂತೆ ಬಿಳಿ ಗೆರೆ, ಉದ್ದನೆಯ ಬಿಳಿ ಮೀಸೆ. ಸಮುದ್ರದಲ್ಲಿ ಇದರ ಕಸುಬು ಮೀನುಗಳ ಮೈ ಮೇಲಿನ ಪರೋಪಜೀವಿಗಳನ್ನು ಹೆಕ್ಕಿ ತಿನ್ನುವುದು. ಕ್ಷೌರದಂಗಡಿಯ ಮುಂದೆ ಗಿರಾಕಿಗಳು ಕಾಯುವಂತೆ ಮೀನುಗಳು ಇದರ ಮುಂದೆ ಬಂದು ನಿಲ್ಲುತ್ತವೆ.

ಹದಿನೈದು ದಿನ ಕಳೆದಿರಬೇಕು. ಬೆಳಿಗ್ಗೆ ಆರು ಗಂಟೆಗೆ ಫೋನ್ ಬಂತು. “ಮಾವ, ಒಂದು ಸತ್ತುಹೋಯಿತು!” ಹುಡುಗನ ಗಂಟಲು ಕಟ್ಟಿತ್ತು. ನಾನೂ ಹಿಂದೆ ಇಂಥದೇ ತೊಟ್ಟಿ ಇಟ್ಟವನು. “ಕೈಗೆ ತೆಗೆದುಕೊಂಡು ನೋಡು, ಒಳಗೆ ಏನಾದರೂ ಇದೆಯೇ?” ಎಂದೆ. ಸ್ವಲ್ಪ ಹೊತ್ತು ಮೌನ. “ಖಾಲಿ ಇದೆ ಮಾವ!” “ಹಾಗಾದರೆ ಅದು ಪೊರೆ. ಸೀಗಡಿ ಕಲ್ಲಿನ ಹಿಂದೆ ಅಡಗಿರುತ್ತದೆ.” “ಪೊರೆ ಅಂದರೆ?” ಎಂದು ಕೇಳಿದ. ಹಾವು ಬಿಡುತ್ತದಲ್ಲ, ಮರಾಠಿಯಲ್ಲಿ ‘ಕಾತ್’ ಎನ್ನುತ್ತಾರಲ್ಲ, ಅದು ಎಂದ ಮೇಲೆ ಅರ್ಥವಾಯಿತು. ಮಧ್ಯಾಹ್ನದ ಹೊತ್ತಿಗೆ ಸೀಗಡಿ ಹೊರಬಂತು. ಮನೆಯವರೆಲ್ಲ ನಕ್ಕರು.

ಎರಡನೆಯ ಸಲ ಫೋನ್ ಬಂದಾಗ ನಗುವಂತಿರಲಿಲ್ಲ. ಮೊದಲ ಯಶಸ್ಸಿನಿಂದ ಹುರುಪುಗೊಂಡ ಹುಡುಗ ಮತ್ತೆ ಅಂಗಡಿಗೆ ಹೋಗಿದ್ದ. ಬಿಳಿ ಮೈಗೆ ಕೆಂಪು ಪಟ್ಟೆ, ಮುಷ್ಟಿಯುದ್ಧಕ್ಕೆ ನಿಂತವನಂತೆ ಎತ್ತಿದ ಎರಡು ಕೊಂಡಿ. ಅದು ಬಾಕ್ಸರ್ ಶ್ರಿಂಪ್, ಸ್ಟೆನೋಪಸ್ ಹಿಸ್ಪಿಡಸ್. “ಎಲ್ಲ ಸೀಗಡಿಯೂ ಒಟ್ಟಿಗೆ ಇರುತ್ತವೆ” ಎಂದು ಅಂಗಡಿಯವರು ಹೇಳಿದ್ದರಂತೆ. ಒಂದು ವಾರ ಎಲ್ಲವೂ ಸರಿಯಾಗಿಯೇ ಇತ್ತು. ಎಂಟನೆಯ ಬೆಳಿಗ್ಗೆ ಮರಳಿನ ಮೇಲೆ ಒಂದು ಪೊರೆ, ಅದರ ಪಕ್ಕದಲ್ಲಿ ಎರಡು ಬಿಳಿ ಮೀಸೆ. ಉಳಿದದ್ದು ಬಾಕ್ಸರನ ಹೊಟ್ಟೆಯಲ್ಲಿ.

ಬೇರೆ ಬೇರೆ ಜಾತಿಯ ಸೀಗಡಿಗಳನ್ನು ಒಟ್ಟಿಗೆ ಇಡುವವರು ಮೊದಲು ತಿಳಿಯಬೇಕಾದದ್ದು ಇದೇ. ಸೀಗಡಿಯ ಎಲುಬು ಅದರ ಮೈಯ ಹೊರಗಿದೆ. ಬೆಳೆಯಬೇಕಾದರೆ ಆ ಗಟ್ಟಿ ಹೊದಿಕೆಯನ್ನು ಕೆಲವು ವಾರಗಳಿಗೊಮ್ಮೆ ಕಳಚಲೇಬೇಕು. ಇದು ಹೆಚ್ಚಾಗಿ ನಡೆಯುವುದು ರಾತ್ರಿ. ಹೊಸ ಹೊದಿಕೆ ಗಟ್ಟಿಯಾಗುವ ತನಕ ಮೈ ಬೆಣ್ಣೆಯಷ್ಟು ಮೃದು. ಕಚ್ಚಲಾರದು, ಜೋರಾಗಿ ಓಡಲಾರದು. ಹಗಲು ಹೊತ್ತು ಯಾರು ಯಾರೊಂದಿಗೆ ಜಗಳವಿಲ್ಲದೆ ಇದ್ದಾರೆ ಎಂಬುದು ಮುಖ್ಯವಲ್ಲ. ಪೊರೆ ಬಿಡುವ ರಾತ್ರಿ ಪಕ್ಕದಲ್ಲಿ ಯಾರಿದ್ದಾರೆ, ಅಡಗಲು ಎಡೆ ಇದೆಯೇ ಎಂಬುದೇ ಮುಖ್ಯ.

ಈ ದೃಷ್ಟಿಯಿಂದ ನೋಡಿದರೆ ಯಾರಿಗೆ ಯಾರು ಸರಿ?

ಲಿಸ್ಮಾಟ ಕುಲದವು ಸಾಮಾನ್ಯವಾಗಿ ಸಾಧು. ಕ್ಲೀನರ್, ರಕ್ತಗೆಂಪು ಬಣ್ಣದ ಫೈರ್ ಶ್ರಿಂಪ್, ಪೆಪ್ಪರ್‌ಮಿಂಟ್ ಶ್ರಿಂಪ್ ಇವನ್ನು ಒಂದೇ ತೊಟ್ಟಿಯಲ್ಲಿ ಇಡಬಹುದು. ಫೈರ್ ಶ್ರಿಂಪ್ ನಾಚಿಕೆಯ ಪ್ರಾಣಿ, ಅದಕ್ಕೆ ಕತ್ತಲೆಯ ಗುಹೆ ಬೇಕು. ಇವನ್ನು ಜೋಡಿಯಾಗಿ ತರುವುದು ಒಳ್ಳೆಯದು. ಗಂಡು ಯಾವುದು, ಹೆಣ್ಣು ಯಾವುದು ಎಂದು ಹುಡುಕುವ ತೊಂದರೆಯಿಲ್ಲ. ಇವು ಮೊದಲು ಗಂಡಾಗಿ ಬೆಳೆದು, ಆಮೇಲೆ ಗಂಡೂ ಹೆಣ್ಣೂ ಎರಡೂ ಆಗುತ್ತವೆ. ಪೊರೆ ಬಿಟ್ಟದ್ದು ಆ ಹೊತ್ತಿಗೆ ಹೆಣ್ಣು, ಇನ್ನೊಂದು ಗಂಡು. ಮುಂದಿನ ಸಲ ಪಾತ್ರ ಅದಲುಬದಲು!

ಪೆಪ್ಪರ್‌ಮಿಂಟ್ ಕೊಳ್ಳುವಾಗ ಮಾತ್ರ ಕಣ್ಣು ತೆರೆದಿರಲಿ. ತೊಟ್ಟಿಯಲ್ಲಿ ಕಳೆಯಂತೆ ಹಬ್ಬುವ ಐಪ್ಟೇಸಿಯ ಎಂಬ ಸಣ್ಣ ಅನಿಮೋನ್‌ಗಳನ್ನು ಅದು ತಿನ್ನುತ್ತದೆಂದು ಎಲ್ಲರೂ ಕೇಳುತ್ತಾರೆ. ಅದೇ ಹೆಸರಿನಲ್ಲಿ ಕೆಲವೊಮ್ಮೆ ಕ್ಯಾಮೆಲ್ ಶ್ರಿಂಪ್ ಕೈಗೆ ಬರುತ್ತದೆ. ಬೆನ್ನು ಗೂನು, ಕಣ್ಣು ದೊಡ್ಡದು, ಕೆಂಪು ಮೈಯಲ್ಲಿ ಎದ್ದು ಕಾಣುವ ಬಿಳಿ ಗೆರೆಗಳು. ಅದು ಹವಳಜೀವಿಗಳನ್ನೇ ಕಿತ್ತು ತಿನ್ನಬಹುದು.

ಬಾಕ್ಸರ್ ತನ್ನ ಜೋಡಿಯನ್ನು ಬಿಟ್ಟು ತನ್ನ ಜಾತಿಯ ಇನ್ನೊಂದನ್ನು ಸಹಿಸುವುದಿಲ್ಲ. ಸಣ್ಣ ತೊಟ್ಟಿಯಲ್ಲಿ ಬೇರೆ ಸೀಗಡಿಗಳಿಗೂ ಅಪಾಯ. ಇಡಲೇಬೇಕೆಂದರೆ ನಾಲ್ಕಡಿಗೆ ಕಡಿಮೆಯಿಲ್ಲದ ತೊಟ್ಟಿ, ತುಂಬ ಕಲ್ಲು ಬೇಕು. ಉಳಿದ ಸೀಗಡಿಗಳು ಮೊದಲೇ ನೆಲೆಯೂರಿ, ಕೊನೆಗೆ ಇದು ಬರಲಿ. ಆಗಲೂ ಖಾತರಿಯಿಲ್ಲ.

ಪಿಸ್ಟಲ್ ಶ್ರಿಂಪ್ ಬಲು ಸ್ವಾರಸ್ಯದ್ದು. ದೊಡ್ಡ ಕೊಂಡಿಯನ್ನು ಫಟ್ಟನೆ ಮುಚ್ಚಿದಾಗ ನೀರಿನಲ್ಲಿ ಒಂದು ಗುಳ್ಳೆ ಹುಟ್ಟಿ ಒಡೆಯುತ್ತದೆ. ಸದ್ದು ಬರುವುದು ಕೊಂಡಿಯಿಂದಲ್ಲ, ಆ ಗುಳ್ಳೆಯಿಂದ ಎಂದು ವಿಜ್ಞಾನಿಗಳು 2000ದಲ್ಲಿ ತೋರಿಸಿದರು. ಇದರ ಕಣ್ಣು ಮಂದ. ಆದ್ದರಿಂದ ಇದರ ಕೆಲವು ಜಾತಿಗಳು ಗೋಬಿ ಮೀನಿನೊಂದಿಗೆ ಒಂದೇ ಬಿಲದಲ್ಲಿ ಸಂಸಾರ ಮಾಡುತ್ತವೆ. ಬಿಲ ತೋಡುವುದು ಸೀಗಡಿ, ಬಾಗಿಲು ಕಾಯುವುದು ಮೀನು. ಕಾವಲುಗಾರನ ಮೈ ಮೇಲೆ ಸೀಗಡಿಯ ಮೀಸೆ ಸದಾ ತಾಗಿರುತ್ತದೆ. ಇದು ಬುಡದ ಮರಳನ್ನು ತೋಡುವುದರಿಂದ ಕಲ್ಲುಗಳನ್ನು ಮರಳಿನ ಮೇಲಲ್ಲ, ತಳದ ಮೇಲೆಯೇ ಕೂರಿಸಬೇಕು. ತೀರ ಸಣ್ಣ ಸೀಗಡಿಗಳನ್ನು ಇದರ ಬಿಲದ ಬಳಿ ಬಿಡಬಾರದು.

ಹಾರ್ಲೆಕ್ವಿನ್ ಶ್ರಿಂಪ್ ಚಿತ್ರ ಬರೆದಂತಿದೆ. ಯಾರ ತಂಟೆಗೂ ಹೋಗದು. ಆದರೆ ಅದರ ಆಹಾರ ನಕ್ಷತ್ರಮೀನು ಮಾತ್ರ. ಅದನ್ನು ತಪ್ಪದೆ ಒದಗಿಸಲಾಗದವರು ಕೊಂಡರೆ ಉಪವಾಸದಿಂದ ಸಾಯುತ್ತದೆ.

ಲಯನ್ ಫಿಶ್, ಟ್ರಿಗರ್, ಪಫರ್ ಮೀನುಗಳಿರುವ ತೊಟ್ಟಿಯಲ್ಲಿ ಯಾವ ಸೀಗಡಿಯನ್ನೂ ಬಿಡಬೇಡಿ. ಅವುಗಳ ಪಾಲಿಗೆ ಇದು ನಮ್ಮಮ್ಮನ ಚಟ್ನಿಯೇ.

ಇನ್ನು ನೀರಿನ ವಿಷಯ. ಜುಹೂ ದಂಡೆಯಿಂದ ಬಕೆಟಿನಲ್ಲಿ ತಂದ ನೀರೂ ಬೇಡ, ಅಡುಗೆ ಉಪ್ಪೂ ಬೇಡ. ಶುದ್ಧೀಕರಿಸಿದ ಆರ್‌ಓ ನೀರಿಗೆ ಅಕ್ವೇರಿಯಂನ ಸಮುದ್ರದ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಬೆರೆಸಿ, ಸಾಪೇಕ್ಷ ಸಾಂದ್ರತೆ 1.025ರ ಹತ್ತಿರ, ಉಷ್ಣತೆ 24ರಿಂದ 26 ಡಿಗ್ರಿ ಇರುವಂತೆ ನೋಡಿಕೊಳ್ಳಿ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದ್ದರಿಂದ ದಿನವೂ ತುಂಬಬೇಕಾದದ್ದು ಸಿಹಿನೀರು. ಹೊಸ ತೊಟ್ಟಿಯಲ್ಲಿ ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯ ಬೆಳೆಯಲು ನಾಲ್ಕರಿಂದ ಆರು ವಾರ ಕಾಯಬೇಕು. ತಂದ ಸೀಗಡಿಯನ್ನು ಧುಮುಕಿಸಬೇಡಿ. ಸಣ್ಣ ನಳಿಗೆಯಲ್ಲಿ ತೊಟ್ಟಿಯ ನೀರನ್ನು ತೊಟ್ಟುತೊಟ್ಟಾಗಿ ಅದರ ಪಾತ್ರೆಗೆ ಒಂದೆರಡು ತಾಸು ಬಿಟ್ಟು ಒಗ್ಗಿಸಿ. ಮೀನಿನ ರೋಗಕ್ಕೆಂದು ತಾಮ್ರವಿರುವ ಔಷಧಿ ಹಾಕಿದರೆ ಸೀಗಡಿಗಳೆಲ್ಲ ಸಾಯುತ್ತವೆ.

ಇನ್ನೊಂದು ಮಾತು. ತೊಟ್ಟಿಗೆಂದು ಸಮುದ್ರದಿಂದ ಹವಳ ಕೀಳುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಸೀಗಡಿಯನ್ನೂ ಸಾಧ್ಯವಾದರೆ ಸಾಕಿ ಬೆಳೆಸಿದ್ದನ್ನೇ ಕೇಳಿ ಕೊಳ್ಳಿ. ಲಕ್ಷದ್ವೀಪದ ಅಗತ್ತಿಯಲ್ಲಿ ಕೇಂದ್ರ ಸರಕಾರದ ಮತ್ಸ್ಯ ಸಂಶೋಧನಾ ಸಂಸ್ಥೆಯೊಂದು ದ್ವೀಪದ ಹೆಂಗಸರಿಗೆ ಅಲಂಕಾರದ ಸೀಗಡಿ ಬೆಳೆಸುವ ತರಬೇತಿ ಕೊಟ್ಟಿದೆ.

ನನ್ನ ಸೋದರಳಿಯ ಬಾಕ್ಸರನನ್ನು ದೊಡ್ಡ ತೊಟ್ಟಿಯಿರುವ ಗೆಳೆಯನಿಗೆ ಕೊಟ್ಟ. ಒಂಟಿಯಾದ ಕ್ಲೀನರಿಗೆ ಜೊತೆ ತಂದ. ಕಲ್ಲುಗಳನ್ನು ಎತ್ತಿ ಕಟ್ಟಿ, ಹಿಂದೆ ಮೂರು ಗುಹೆ ಮಾಡಿದ. ಈಗ ಪೊರೆ ಕಂಡರೆ ಹೆದರುವುದಿಲ್ಲ. ಆ ದಿನ ತೊಟ್ಟಿಯೊಳಗೆ ಕೈ ಹಾಕುವುದೂ ಇಲ್ಲ.

ಮೊನ್ನೆ ಅವನು ಕೇಳಿದ, “ಮಾವ, ಡಿಕ್ಷನರಿಯಲ್ಲಿ ನೋಡಿದೆ. ಪೊರೆ ಅಂದರೆ ಕಾಪಾಡು ಅಂತಲೂ ಇದೆಯಲ್ಲ?” ಹೌದು ಮಿತ್ರರೇ, ಮೈ ಕಳಚುವ ಹೊದಿಕೆಯೂ ಪೊರೆ, ಸಾಕಿ ಸಲಹುವುದೂ ಪೊರೆಯುವುದೇ. ಹೊದಿಕೆ ಕಳಚಿದ ಆ ಒಂದು ರಾತ್ರಿ ಸೀಗಡಿಯನ್ನು ಪೊರೆಯಬೇಕಾದವರು ನೀವು.