ಲೆಕ್ಕ ಪಾಸ್, ಹೊಗೆ ಫೇಲ್

‘ಕಂಪ್ಯೂಟರ್‌ನಲ್ಲೇ ಸಿಕ್ಕಿತು ವಿಷಾನಿಲ ನುಂಗುವ ನ್ಯಾನೋ ಕಣ!’ ಈ ಧಾಟಿಯ ಸುದ್ದಿ ಆಗಾಗ ನಮ್ಮ ಮೊಬೈಲಿಗೆ ಬಂದು ಬೀಳುತ್ತೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕೂತು ಅದನ್ನು ಓದ್ತೀವಿ, ನಾಲ್ಕು ಗ್ರೂಪಿಗೆ ಕಳಿಸ್ತೀವಿ. ಯಾರೋ ಬುದ್ಧಿವಂತರು ಎಲ್ಲೋ ಕೂತು ಕೆಲಸ ಮುಗಿಸಿದ್ದಾರೆ, ಇನ್ನೇನು ಗಾಳಿ ಸರಿಹೋಗುತ್ತೆ ಅನ್ನೋ ನೆಮ್ಮದಿ. ನನ್ನ ತಕರಾರು ಈ ನೆಮ್ಮದಿಯ ಮೇಲೆ. ಲೆಕ್ಕ ಹಾಕಿದ ವಿಜ್ಞಾನಿಯ ಮೇಲೆ ಖಂಡಿತಾ ಅಲ್ಲ.

ಮೊದಲು ಆ ಲೆಕ್ಕ ಏನು ಅಂತ ನೋಡೋಣ. ಪೆಟ್ರೋಲ್ ಕಾರಿನ ಹೊಗೆ ಕೊಳವೆಯ ದಾರಿಯಲ್ಲಿ ಕೆಟಲಿಟಿಕ್ ಕನ್ವರ್ಟರ್ ಇರುತ್ತೆ. ಅದರೊಳಗೆ ಜೇನುಗೂಡಿನಂಥ ಪಿಂಗಾಣಿ; ಅದರ ಗೋಡೆಗಳ ಲೇಪದಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೋಹಗಳ ನ್ಯಾನೋ ಕಣಗಳು. ಮೊದಲ ಎರಡು ಲೋಹಗಳ ಮುಖ್ಯ ಕೆಲಸ ಕಾರ್ಬನ್ ಮೊನಾಕ್ಸೈಡನ್ನೂ ಉರಿಯದೆ ಉಳಿದ ಇಂಧನವನ್ನೂ ಸುಡುವುದು. ರೋಡಿಯಂ ಮಾಡುವುದು ಇನ್ನೂ ಕಷ್ಟದ ಕೆಲಸ: ನೈಟ್ರಿಕ್ ಆಕ್ಸೈಡ್ ಅಣುವನ್ನು ಹಿಡಿದು ಎರಡಾಗಿ ಒಡೆಯುವುದು. ಈ ಲೋಹ ಬಹುಪಾಲು ಬರುವುದು ದಕ್ಷಿಣ ಆಫ್ರಿಕಾದ ಗಣಿಗಳಿಂದ. 2021ರಲ್ಲಿ ಇದರ ಬೆಲೆ ಚಿನ್ನದ ಹತ್ತು ಪಟ್ಟನ್ನೂ ದಾಟಿತ್ತು. ಬದಲಿ ಹುಡುಕಲೇಬೇಕು. ಆದರೆ ಯಾವ ಲೋಹ, ಎಷ್ಟು ದೊಡ್ಡ ಕಣ, ಯಾವ ಆಕಾರ, ಕೆಳಗೆ ಯಾವ ಆಕ್ಸೈಡ್? ಒಂದೊಂದನ್ನೂ ಮಾಡಿ ನೋಡ್ತಾ ಕೂತರೆ ಆಯುಷ್ಯ ಸಾಲದು.

ಇಲ್ಲಿ ಕಂಪ್ಯೂಟರ್ ಕೆಲಸಕ್ಕೆ ಬರುತ್ತೆ. ಒಳ್ಳೆಯ ವೇಗವರ್ಧಕದ ಗುಟ್ಟನ್ನು ನೂರು ವರ್ಷಕ್ಕೂ ಹಿಂದೆಯೇ ಪಾಲ್ ಸಬಾಟಿಯೆ ಕಂಡುಕೊಂಡಿದ್ದ. ಲೋಹ ಅಣುವನ್ನು ತೀರಾ ಸಡಿಲವಾಗಿ ಹಿಡಿದರೆ ಅಣು ಒಡೆಯಲ್ಲ. ತೀರಾ ಬಿಗಿಯಾಗಿ ಹಿಡಿದರೆ ಒಡೆದ ಚೂರುಗಳನ್ನು ಬಿಡಲ್ಲ. ಆ ಹಿಡಿತ ಎಷ್ಟು ಅಂತ ಎಲೆಕ್ಟ್ರಾನ್‌ಗಳ ಸಾಂದ್ರತೆಯಿಂದ ಲೆಕ್ಕ ಹಾಕುವ ಸಿದ್ಧಾಂತಕ್ಕೆ 1964–65ರಲ್ಲಿ ಅಡಿಪಾಯ ಹಾಕಿದವರಲ್ಲಿ ವಾಲ್ಟರ್ ಕೋನ್ ಪ್ರಮುಖ. 1998ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಚಿನ್ನದ ಗಟ್ಟಿಯೊಳಗಿನ ಪರಮಾಣುವಿಗೆ 12 ನೆರೆಯವರು. ನ್ಯಾನೋ ಕಣದ ಮೂಲೆಯಲ್ಲಿರುವುದಕ್ಕೆ ಐದೋ ಆರೋ. ನೆರೆಯವರು ಕಡಿಮೆ ಇರುವ ಪರಮಾಣು ಹೊರಗಿನವರ ಕೈ ಹಿಡಿಯಲು ಹೆಚ್ಚು ತವಕಿಸುತ್ತೆ. ಎಷ್ಟು ಹೆಚ್ಚು ಅನ್ನುವುದನ್ನು ಈ ಲೆಕ್ಕ ಹೇಳುತ್ತೆ.

ಆದರೆ ಅದಕ್ಕೂ ಮಿತಿ ಇದೆ. 5 ನ್ಯಾನೋಮೀಟರ್ ಅಗಲದ ಚಿನ್ನದ ಕಣದಲ್ಲಿ ಸುಮಾರು 4000 ಪರಮಾಣು. ಸಾಮಾನ್ಯ ವಿಧಾನದಲ್ಲಿ ಪರಮಾಣುಗಳ ಸಂಖ್ಯೆ ದುಪ್ಪಟ್ಟಾದರೆ ಲೆಕ್ಕದ ಹೊರೆ ಎಂಟು ಪಟ್ಟು. ಹಾಗಾಗಿ ಬಹಳ ಸಲ ಕೆಲವು ನೂರು ಪರಮಾಣುಗಳ ಒಂದು ತುಣುಕನ್ನಷ್ಟೇ ತೆಗೆದುಕೊಳ್ಳುತ್ತಾರೆ. ಒಡೆಯಲು ದಾಟಬೇಕಾದ ಶಕ್ತಿಯ ತಡೆಯಲ್ಲಿ 0.1 ಎಲೆಕ್ಟ್ರಾನ್ ವೋಲ್ಟ್ ತಪ್ಪಿದರೆ ಸಾಕು, ಕೋಣೆಯ ಉಷ್ಣತೆಯಲ್ಲಿ ಕ್ರಿಯೆಯ ವೇಗ ಸುಮಾರು 50 ಪಟ್ಟು ಆಚೀಚೆ ಆಗುತ್ತೆ. ಇನ್ನು ನಿಜವಾದ ಹೊಗೆಯಲ್ಲಿ ನೀರಾವಿ ಇದೆ, ಲೋಹಕ್ಕೆ ಅಂಟಿಕೊಂಡು ಅದನ್ನು ಸಾಯಿಸುವ ಗಂಧಕ ಇದೆ, ಕಣಗಳು ಒಂದಕ್ಕೊಂದು ಬೆಸೆದು ದಪ್ಪವಾಗುವಷ್ಟು ಬಿಸಿ ಇದೆ. ಸಾಫ್ಟ್‌ವೇರ್‌ನವರಿಗೆ ನಾನು ಇದನ್ನು ವಿವರಿಸಬೇಕಿಲ್ಲ. ಸ್ಟೇಜಿಂಗ್‌ನಲ್ಲಿ ಓಡಿದ್ದೆಲ್ಲ ಪ್ರೊಡಕ್ಷನ್‌ನಲ್ಲಿ ಓಡಲ್ಲ. ನಮ್ಮ ಕೋಡಿನ ವಿಷಯದಲ್ಲಿ ಇಷ್ಟು ಹುಷಾರಾಗಿರುವ ನಾವು ಗಾಳಿಯ ವಿಷಯ ಬಂದಾಗ ಮಾತ್ರ ಡೆಮೋ ನೋಡಿಯೇ ಚಪ್ಪಾಳೆ ತಟ್ಟುವುದೇಕೆ?

ಲೆಕ್ಕ ಮತ್ತು ಪ್ರಯೋಗ ಜೊತೆಯಾಗಿ ನಡೆದಾಗ ಏನಾಗುತ್ತೆ ಅನ್ನೋದಕ್ಕೆ ನಮ್ಮ ಊರಲ್ಲೇ ಉದಾಹರಣೆ ಇದೆ. ಕನ್ವರ್ಟರ್‌ನಲ್ಲಿ ಆಮ್ಲಜನಕದ ಉಗ್ರಾಣದಂತೆ ಕೆಲಸ ಮಾಡುವುದು ಸೀರಿಯಂ ಆಕ್ಸೈಡ್. ಅದಕ್ಕೆ ಟೈಟೇನಿಯಂ ಬೆರೆಸಿದರೆ ಆಮ್ಲಜನಕ ಇನ್ನೂ ಸಲೀಸಾಗಿ ಹೊರಬರುತ್ತೆ ಅಂತ ಪ್ರಯೋಗ ತೋರಿಸಿತು. ಯಾಕೆ ಅಂತ ಲೆಕ್ಕ ತೋರಿಸಿತು: ಕೆಲವು ಬಂಧಗಳು ಉದ್ದವಾಗಿ, ಅಲ್ಲಿನ ಆಮ್ಲಜನಕದ ಹಿಡಿತ ಸಡಿಲವಾಗಿತ್ತು. ಐಐಎಸ್‌ಸಿಯ ಎಂ. ಎಸ್. ಹೆಗಡೆ ಮತ್ತು ಜಕ್ಕೂರಿನ ನೆಹರೂ ವಿಜ್ಞಾನ ಕೇಂದ್ರದ ಉಮೇಶ್ ವಾಘ್ಮಾರೆ ತಂಡಗಳು ಸೇರಿ 2006ರಲ್ಲಿ ಪ್ರಕಟಿಸಿದ ಕೆಲಸ ಇದು. ‘ಗಾಳಿ ಸ್ವಚ್ಛ ಮಾಡಿಬಿಟ್ಟೆವು’ ಅಂತ ಡಂಗುರ ಹೊಡೆಯುವ ಕೆಲಸ ಅಲ್ಲ. ಮುಂದಿನ ಪ್ರಯೋಗವನ್ನು ಎಲ್ಲಿ ಮಾಡಬೇಕು, ಎಲ್ಲಿ ಮಾಡಬಾರದು ಅಂತ ಹೇಳುವ ಕೆಲಸ. ಜರಡಿಯ ಬೆಲೆ ಇರುವುದೇ ಅಲ್ಲಿ.

ಈಗ ಅಸಲಿ ವಿಷಯ. ನೈಟ್ರಿಕ್ ಆಕ್ಸೈಡ್ ರೋಡಿಯಂ ಮೇಲೆ ಹೇಗೆ ಒಡೆಯುತ್ತೆ ಅನ್ನುವುದನ್ನು ಒಂದೊಂದು ಪರಮಾಣುವಿನ ಮಟ್ಟದಲ್ಲಿ ಲೆಕ್ಕ ಹಾಕುವ ಜನ ನಮ್ಮಲ್ಲಿದ್ದಾರೆ. ಆದರೆ ಪೆಟ್ರೋಲ್ ಬಂಕಿನ ಪಕ್ಕದ ಎಮಿಷನ್ ಟೆಸ್ಟ್ ಗೂಡಂಗಡಿಯಲ್ಲಿ ದಶಕಗಳಿಂದ ಅಳೆಯುತ್ತಾ ಬಂದಿರುವುದು ಏನನ್ನು? ಪೆಟ್ರೋಲ್ ಗಾಡಿಯಾದರೆ, ನಿಂತಲ್ಲೇ ಗುರ್ ಅನ್ನುವ ಎಂಜಿನ್ನಿನ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್. ಡೀಸೆಲ್ಲಾದರೆ ಹೊಗೆ ಎಷ್ಟು ಕಪ್ಪಗಿದೆ ಅಂತ. ನೈಟ್ರೋಜನ್ ಆಕ್ಸೈಡ್‌ಗಳ ಹೆಸರೇ ಇಲ್ಲ! ಕನ್ವರ್ಟರಿನ ಅತಿ ದುಬಾರಿ ಲೋಹ ಬದುಕಿದೆಯೋ ಸತ್ತಿದೆಯೋ ಅಂತ ಆ ಚೀಟಿ ಹೇಳೋದೇ ಇಲ್ಲ. ಆ ಚೀಟಿ ಹಿಡಿದು ‘ನಮ್ದು ಕ್ಲೀನ್’ ಅಂತೀವಿ.

ಅಳೆಯದಿದ್ದರೆ ಏನಾಗುತ್ತೆ ಅಂತ 2015ರಲ್ಲಿ ಫೋಕ್ಸ್‌ವ್ಯಾಗನ್ ತೋರಿಸಿದೆ. ಪರೀಕ್ಷೆ ನಡೆಯುತ್ತಿದೆ ಅಂತ ಗುರುತಿಸಿ ಒಳ್ಳೆಯ ಹುಡುಗನಂತೆ ನಟಿಸುವ ಸಾಫ್ಟ್‌ವೇರ್. ರಸ್ತೆಗಿಳಿದಾಗ ನೈಟ್ರೋಜನ್ ಆಕ್ಸೈಡ್‌ಗಳು ಮಿತಿಯ 40 ಪಟ್ಟಿನವರೆಗೆ. ಅದನ್ನು ಬಯಲಿಗೆಳೆದದ್ದು ಓಡುವ ಕಾರಿನ ಹೊಗೆ ಕೊಳವೆಗೆ ಕಟ್ಟಿದ ಅಳತೆ ಯಂತ್ರ.

‘ಎಲೆಕ್ಟ್ರಿಕ್ ಬರ್ತಿದೆಯಲ್ಲ, ಇನ್ಯಾಕೆ ಈ ತಲೆನೋವು?’ ಅಂತೀರಾ? ಇವತ್ತು ಶೋರೂಮಿನಿಂದ ಹೊರಬರುವ ಪೆಟ್ರೋಲ್ ಗಾಡಿಗೆ ನೋಂದಣಿ ಸಿಗುವುದು 15 ವರ್ಷಕ್ಕೆ. ಅಷ್ಟೂ ವರ್ಷ ಅದರ ಹೊಗೆ ಕುಡಿಯುವವರು ಸಿಗ್ನಲ್ಲಿನ ಟ್ರಾಫಿಕ್ ಪೊಲೀಸರು, ಹೂವು ಮಾರುವವರು, ಡೆಲಿವರಿ ಹುಡುಗರು. ಕಿಟಕಿ ಏರಿಸಿ ಎಸಿ ಹಾಕಿಕೊಂಡವರಿಗೂ ಈ ಅನಿಲದಿಂದ ವಿನಾಯ್ತಿ ಇಲ್ಲ, ಬಿಡಿ.

ಹಾಗಾಗಿ ಮುಂದಿನ ಸಲ ಆ ಸುದ್ದಿ ಬಂದಾಗ ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ. ಈ ಕಣವನ್ನು ಯಾರಾದರೂ ಮಾಡಿ ನೋಡಿದರಾ? ನೀರಾವಿ, ಗಂಧಕ ಇರುವ ಬಿಸಿ ಹೊಗೆಯಲ್ಲಿ ನೂರಾರು ಗಂಟೆ ಇಟ್ಟು ನೋಡಿದರಾ? ನಮ್ಮ ಊರಿನ ಎಮಿಷನ್ ಟೆಸ್ಟ್ ಅದರ ಕೆಲಸವನ್ನು ಅಳೆಯುತ್ತಾ? ಮೊದಲ ಎರಡಕ್ಕೆ ಉತ್ತರಿಸಲು ಪ್ರಯೋಗಾಲಯಗಳಿಗೆ ಹಣ ಬೇಕು, ಕಾಲ ಬೇಕು. ಮೂರನೆಯದನ್ನು ಸಾರಿಗೆ ಇಲಾಖೆಗೆ ಕೇಳಬೇಕು, ನಾಳೆಯೇ ಕೇಳಬಹುದು. ಅದಕ್ಕೆ ಸೂಪರ್ ಕಂಪ್ಯೂಟರ್ ಬೇಕಾಗಿಲ್ಲ.