ಗಡ್ಡೆ ತೆಗೆಯುವ ಮೊದಲು

ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಬೆಳೆಯುವ ಫಿಯೋಕ್ರೋಮೋಸೈಟೋಮ ಅಪರೂಪದ ಗಡ್ಡೆ. ಅದನ್ನು ತೆಗೆಯುವಾಗ ಅರಿವಳಿಕೆ ತಜ್ಞರಿಗೆ ಕ್ಷಣಕ್ಷಣವೂ ಪರೀಕ್ಷೆ. ಗಡ್ಡೆಗೆ ಕೈ ತಾಗಿದರೂ ಅಡ್ರಿನಲಿನ್, ನಾರ್‌ಅಡ್ರಿನಲಿನ್ ರಕ್ತಕ್ಕೆ ನುಗ್ಗಿ ಬಿಪಿ 200 ದಾಟಬಹುದು. ಗಡ್ಡೆಯ ರಕ್ತನಾಳವನ್ನು ಕಟ್ಟಿದೊಡನೆ ಅದೇ ಬಿಪಿ ಪಾತಾಳಕ್ಕಿಳಿಯಬಹುದು. 1926ರಲ್ಲಿ ಸ್ವಿಟ್ಜರ್ಲೆಂಡಿನ ಸೀಸರ್ ರೂ, ಅಮೆರಿಕದ ಚಾರ್ಲ್ಸ್ ಮೇಯೊ ಇಂಥ ಗಡ್ಡೆಗಳನ್ನು ಯಶಸ್ವಿಯಾಗಿ ತೆಗೆದಾಗ ಈ ಏರಿಳಿತವನ್ನು ಮೊದಲೇ ಊಹಿಸುವ ದಾರಿ ಇರಲಿಲ್ಲ.

ಈಗ ಸುಳಿವುಗಳಿವೆ. ಗಡ್ಡೆಯ ಗಾತ್ರ, ರಕ್ತ ಅಥವಾ ಮೂತ್ರದಲ್ಲಿನ ಮೆಟಾನೆಫ್ರಿನ್ (ಈ ಹಾರ್ಮೋನುಗಳಿಂದ ಉಂಟಾಗುವ ವಸ್ತು) ಮಟ್ಟ, ಮೊದಲಿನ ಬಿಪಿ, ಎದ್ದು ನಿಂತಾಗ ಅದು ಕುಸಿಯುವ ಪ್ರಮಾಣ. ಇವನ್ನೆಲ್ಲ ಕೂಡಿಸಿ ಅಪಾಯವನ್ನು ಅಂದಾಜಿಸುವ ಮಾದರಿಗಳನ್ನು ಸಂಶೋಧಕರು ರೂಪಿಸುತ್ತಿರುವುದು ಸ್ವಾಗತಾರ್ಹ. ಯಾರಿಗೆ ಐಸಿಯು ಹಾಸಿಗೆ ಕಾದಿರಿಸಬೇಕು ಎಂಬುದಾದರೂ ಮೊದಲೇ ತಿಳಿಯುತ್ತದೆ. ಆದರೆ ಅಪಾಯ ಕಡಿಮೆ ಎಂದು ಅಂದಾಜು ಬಂದರೂ ಸಿದ್ಧತೆ ಸಡಿಲವಾಗಬಾರದು. ಸಾಮಾನ್ಯವಾಗಿ 7ರಿಂದ 14 ದಿನ ರಕ್ತನಾಳಗಳನ್ನು ಸಡಿಲಿಸುವ ಆಲ್ಫಾ ಬ್ಲಾಕರ್ ಮಾತ್ರೆ, ಜೊತೆಗೆ ಸಾಕಷ್ಟು ಉಪ್ಪು, ನೀರು ಬೇಕೇ ಬೇಕು. ಹೃದಯಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಅಗತ್ಯವಿದ್ದರೆ ಆಲ್ಫಾ ಬ್ಲಾಕರ್ ಕೆಲಸ ಮಾಡತೊಡಗಿದ ಮೇಲಷ್ಟೇ; ಮೊದಲೇ ಕೊಟ್ಟರೆ ಬಿಪಿ ಇನ್ನಷ್ಟು ಏರುವ ಅಪಾಯವಿದೆ.

ನಮ್ಮ ನಿಜವಾದ ಆತಂಕ ಇರುವುದು ಪತ್ತೆಯೇ ಆಗದ ಗಡ್ಡೆಯ ಬಗ್ಗೆ. ಯಾವ ಅಂದಾಜೂ ಅಲ್ಲಿ ನೆರವಿಗೆ ಬಾರದು. ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ ಅಡ್ರಿನಲ್ ಗಡ್ಡೆ ಕಂಡು, ಅದು ಕೊಬ್ಬಿನಂಶದ ನಿರುಪದ್ರವಿ ಗಡ್ಡೆ ಎಂದು ಖಚಿತವಾಗದಿದ್ದರೆ, ಮೆಟಾನೆಫ್ರಿನ್ ಪರೀಕ್ಷೆ ಮುಗಿಯುವ ತನಕ ಆ ಗಡ್ಡೆಗೆ ಸೂಜಿಯನ್ನೂ ಚುಚ್ಚಬಾರದು. ಜಿಲ್ಲಾ ಆಸ್ಪತ್ರೆಗೆ ಬರುವ ಬಡ ರೋಗಿಗೂ ಈ ಪರೀಕ್ಷೆ ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕು.