ಬಡವನ ಮನೆಗೇಕೆ ಈ ವಿನಾಯಿತಿ?

2023ರ ಜುಲೈ ತಿಂಗಳಿನಲ್ಲಿ ಗೃಹಜ್ಯೋತಿ ಯೋಜನೆಯು ಜಾರಿಗೆ ಬಂದಂದಿನಿಂದ, ತಿಂಗಳಿಗೆ 200 ಯೂನಿಟ್‌ವರೆಗಿನ ವಿದ್ಯುತ್ತನ್ನು ಉಚಿತವಾಗಿ ಕೊಡುವುದು ಯುಕ್ತವೋ ಅಯುಕ್ತವೋ ಎಂಬ ವಾದವು ನಾಡಿನ ಎಲ್ಲೆಡೆಯಂತೆ ನಮ್ಮ ಸೊರಬ ತಾಲ್ಲೂಕಿನ ಆನವಟ್ಟಿಯ ಹೋಟೆಲುಗಳಲ್ಲಿಯೂ ನಡೆಯುತ್ತಲೇ ಇದೆ. ಆದರೆ ಹಾಗೆ ಮನೆಯೊಳಗೆ ಬಂದ ವಿದ್ಯುತ್ತು ಯಾರ ಪ್ರಾಣವನ್ನೂ ಹರಣಮಾಡದಂತೆ ನೋಡಿಕೊಳ್ಳತಕ್ಕವರು ಯಾರೆಂಬ ಪ್ರಶ್ನೆಯನ್ನು ಉಭಯ ಪಕ್ಷದವರೂ ಎತ್ತದಿರುವುದು ನನಗೆ ವ್ಯಥೆಯನ್ನುಂಟುಮಾಡಿದೆ.

ಒಂದೇ ದೀಪಕ್ಕೆಂದು ಭಾಗ್ಯಜ್ಯೋತಿ ಯೋಜನೆಯಲ್ಲಿ ಸಂಪರ್ಕ ಪಡೆದ ಮನೆಗಳಲ್ಲಿ ಇಂದು ಮಿಕ್ಸಿ, ಗ್ರೈಂಡರ್, ನೀರು ಕಾಯಿಸುವ ಕಾಯಿಲ್ ಎಲ್ಲವೂ ಸೇರಿಕೊಂಡಿವೆ. ತಂತಿಯ ಹೊದಿಕೆ ಸವೆದು ಗ್ರೈಂಡರಿನ ಲೋಹದ ಮೈಗೆ ಕರೆಂಟು ತಗಲಿದಾಗ ಅದು ಮನುಷ್ಯನ ಮೂಲಕವಲ್ಲದೆ ನೇರವಾಗಿ ಭೂಮಿಗೆ ಇಳಿದುಹೋಗಲೆಂದೇ ಪ್ಲಗ್ಗಿಗೆ ಮೂರನೆಯ ಪಿನ್ನನ್ನು ಇಟ್ಟಿದ್ದಾರೆ. ಆ ಪಿನ್ನಿಗೆ ಸಂಬಂಧಿಸಿದ ಅರ್ತಿಂಗ್ ತಂತಿಯೇ ಎಷ್ಟೋ ಮನೆಗಳಲ್ಲಿ ಇರುವುದಿಲ್ಲ. ಇದ್ದರೂ, ಸೊರಬ ಸೀಮೆಯ ಜಂಬಿಟ್ಟಿಗೆ ನೆಲವು ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಒಣಗಿ ಬಿರುಸಾದಾಗ, ಆ ತಂತಿ ಇಳಿಯುವ ಉಪ್ಪು ಇದ್ದಿಲು ತುಂಬಿದ ಗುಂಡಿಗೆ ನೀರು ಹೊಯ್ಯುವವರಿಲ್ಲದೆ ಅದು ಹೆಸರಿಗೆ ಮಾತ್ರ ಅರ್ತಿಂಗ್ ಆಗಿ ಉಳಿಯುತ್ತದೆ. ಲೆಕ್ಕವನ್ನೇ ನೋಡೋಣ. ಅಂಥ ಗುಂಡಿಯ ರೋಧವು 50 ಓಮ್ ಇದ್ದರೆ 230 ವೋಲ್ಟಿನಲ್ಲಿ ಹರಿಯುವುದು ಐದು ಆಂಪಿಯರಿಗೂ ಕಡಮೆ. 16 ಆಂಪಿಯರಿನ ಫ್ಯೂಸು ಅಷ್ಟಕ್ಕೆ ಕರಗುವುದೇ ಇಲ್ಲ. ಒದ್ದೆ ಕೈಯಿಂದ ಮುಟ್ಟಿದವರ ದೇಹದ ರೋಧವನ್ನು ಸುಮಾರು 1000 ಓಮ್ ಎಂದಿಟ್ಟುಕೊಂಡರೂ ಅವರ ಮೈಯಲ್ಲಿ ಹರಿಯುವುದು 230 ಮಿಲಿಆಂಪಿಯರ್. ಹೃದಯದ ಗತಿ ತಪ್ಪುವುದಕ್ಕೆ ಅದಕ್ಕಿಂತ ಬಹಳ ಕಡಮೆ ಸಾಕು. ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ.

ಮನುಷ್ಯನನ್ನು ಕಾಯುವ ಸಾಧನ ಬೇರೆಯೇ ಇದೆ. ಹೋದ ಕರೆಂಟಿಗೂ ಹಿಂದಿರುಗಿದ ಕರೆಂಟಿಗೂ 30 ಮಿಲಿಆಂಪಿಯರಿನ ಅಂತರ ಬಿದ್ದೊಡನೆ, ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕವನ್ನು ಕಡಿದುಹಾಕುವ ಆರ್‌ಸಿಸಿಬಿ ಅದು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿಯು ಇಂಥ ರಕ್ಷಣೆಯನ್ನು ವಿಧಿಸಿರುವುದು ಸ್ತುತ್ಯವೇ. ಆದರೆ ಅತ್ಯಲ್ಪ ಹೊರೆಯ ಸಂಪರ್ಕಗಳನ್ನು ಆ ವಿಧಿಯಿಂದ ಹೊರಗಿಟ್ಟಿರುವುದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ. ಅಲ್ಪ ಹೊರೆಯ ಮನೆಯೆಂದರೆ ಬಡವನ ಮನೆ. ತಂತಿ ಹಳತಾಗಿರುವುದೂ, ನೆಲ ಒದ್ದೆಯಾಗಿರುವುದೂ, ಬರಿಗಾಲಿನಲ್ಲಿ ಓಡಾಡುವುದೂ ಅಲ್ಲಿಯೇ.

ದುರಂತವಾದಾಗಲೆಲ್ಲ ಜನರ ಅಜ್ಞಾನವನ್ನು ದೂರುವ ವಾಡಿಕೆಯೊಂದಿದೆ. ಅರ್ತಿಂಗ್ ಇಲ್ಲದ ಕಡೆ ಮೂರನೆಯ ಪಿನ್ನನ್ನು ನ್ಯೂಟ್ರಲ್ ತಂತಿಗೇ ಸೇರಿಸಿಬಿಡುವ ಕೆಲವರ ಕೈಚಳಕ ಘೋರ ಪ್ರಮಾದವೆಂಬುದರಲ್ಲಿ ಸಂಶಯವಿಲ್ಲ, ಏಕೆಂದರೆ ನ್ಯೂಟ್ರಲ್ ಕಡಿದ ಕ್ಷಣವೇ ಯಂತ್ರದ ಮೈಯೆಲ್ಲ ಕರೆಂಟಾಗುತ್ತದೆ. ಆದರೂ ನೆರೆಯ ಸಾಗರ ತಾಲ್ಲೂಕಿನ ಶರಾವತಿಯಿಂದ ನಾಡಿಗೆಲ್ಲ ಬೆಳಕು ಹೊರಟ ಈ ಶಿವಮೊಗ್ಗ ಜಿಲ್ಲೆಯಲ್ಲಿ, ಗುಂಡಿಯ ರೋಧವನ್ನು ಅಳೆದು ನೋಡುವ ಉಪಕರಣವನ್ನು ಕೂಲಿಕಾರನು ಕೊಂಡು ತರಬೇಕೆಂದು ಹೇಳುವುದು ನ್ಯಾಯವೆ?

ಉಚಿತ ವಿದ್ಯುತ್ತಿಗೆ ವರ್ಷವರ್ಷವೂ ಸಾವಿರಾರು ಕೋಟಿ ರೂಪಾಯಿ ತೆರುವ ಸರ್ಕಾರವು, ಪ್ರತಿ ಫಲಾನುಭವಿಯ ಮನೆಗೂ ಒಂದು ಆರ್‌ಸಿಸಿಬಿಯನ್ನು ತನ್ನ ಖರ್ಚಿನಲ್ಲಿಯೇ ಅಳವಡಿಸತಕ್ಕದ್ದು. ಬೇಸಗೆಯಲ್ಲಿ ಅರ್ತಿಂಗ್ ಪರೀಕ್ಷಿಸುವ ಹೊಣೆಯನ್ನು ಇಲ್ಲಿಗೆ ವಿದ್ಯುತ್ ಸರಬರಾಜು ಮಾಡುವ ಮೆಸ್ಕಾಂ ಮತ್ತು ವಿದ್ಯುತ್ ಪರಿವೀಕ್ಷಣಾಲಯಗಳು ಹಂಚಿಕೊಳ್ಳತಕ್ಕದ್ದು. ಸೊರಬ, ಶಿಕಾರಿಪುರಗಳ ಶಾಸಕರು ಈ ಬೇಡಿಕೆಯನ್ನು ಮುಂದಿನ ಅಧಿವೇಶನದಲ್ಲಿಯೇ ಸದನದ ಮುಂದಿಡಬೇಕೆಂದು ಪ್ರಾರ್ಥಿಸುತ್ತೇನೆ.